ಅಳಿವೆಯ ಲೆಕ್ಕದಲ್ಲಿ ಜುಲೈ ಎಲ್ಲಿ?

ಆಗಸ್ಟ್ ತಿಂಗಳ ಮೊದಲ ವಾರ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮಂಗಳೂರು ದಕ್ಕೆಯಿಂದ ಬೋಟ್‌ಗಳು ಕಡಲಿಗೆ ಹೊರಡುವ ಹೊತ್ತು. ನಾನು ಬೆಂಗ್ರೆ ಬದಿಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ನಿಂತು ನೋಡುತ್ತಿದ್ದೆ. ಮಾವನ ಬೋಟ್ ಅಳಿವೆ ಬಾಗಿಲಿನ ತನಕ ಬಂದು ಅಲ್ಲೇ ನಿಧಾನಿಸಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಮುಂದೆ ಹೋಗಲಿಲ್ಲ. ಎಲ್ಲಿ ನೊರೆ ಏಳುತ್ತಿದೆ, ಎಲ್ಲಿ ನೀರಿನ ಬಣ್ಣ ಬೇರೆಯಾಗಿದೆ, ಎಷ್ಟು ತೆರೆಗಳಾದ ಮೇಲೆ ಒಂದು ದೊಡ್ಡ ತೆರೆ ಬರುತ್ತಿದೆ ಎಂದು ಅವರು ನೋಡುತ್ತಿದ್ದರು. ಆಮೇಲೆ ಒಮ್ಮೆಲೇ ಎಂಜಿನ್ ಜೋರು ಮಾಡಿ ದಾಟಿಬಿಟ್ಟರು.

ಮರಳಿ ಬಂದ ಮೇಲೆ ಕೇಳಿದೆ, ಮೂವತ್ತು ವರ್ಷದಿಂದ ಇದೇ ದಾರಿಯಲ್ಲಿ ಹೋಗುವವರಿಗೆ ಇನ್ನೂ ಯಾಕೆ ಅಷ್ಟು ಅನುಮಾನ ಎಂದು. ಅವರು ಹೇಳಿದ್ದಿಷ್ಟೆ: ‘ಮೇ ತಿಂಗಳಲ್ಲಿ ಒಳಗೆ ಬಂದ ದಾರಿ ಆಗಸ್ಟ್‌ನಲ್ಲಿ ಅಲ್ಲೇ ಇರುತ್ತದೆ ಅಂತ ಯಾರು ಹೇಳಿದ್ದು? ಎರಡು ತಿಂಗಳು ಅಲ್ಲಿ ಏನಾಯಿತು ಅಂತ ನೋಡಿದವರು ಯಾರೂ ಇಲ್ಲ.’

ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಆಗ ನಮ್ಮ ನಾಲ್ವರ ಗುಂಪು ಮಿನಿ ಪ್ರಾಜೆಕ್ಟ್‌ಗಾಗಿ ಇದೇ ನೇತ್ರಾವತಿ–ಗುರುಪುರ ಅಳಿವೆಯ ಕಂಪ್ಯೂಟರ್ ಮಾಡೆಲ್ ಮಾಡಿ ಮುಗಿಸಿತ್ತು. ಅಂಕವೂ ಚೆನ್ನಾಗಿಯೇ ಬಂದಿತ್ತು. ಮಾವನ ಆ ಒಂದು ಮಾತು ನಮ್ಮ ಎಂಬತ್ತು ಪುಟದ ವರದಿಯ ಮೇಲೆ ನೀರು ಚೆಲ್ಲಿದ ಹಾಗಾಯಿತು. ಏಕೆಂದರೆ ನಮ್ಮ ಮಾಡೆಲ್ ನಡೆದದ್ದು ಫೆಬ್ರವರಿ ತಿಂಗಳಿಗೆ. ನಾವು ಮಾತ್ರ ಅಲ್ಲ, ಅಳಿವೆಯ ಅಳತೆಗೆ ಇಳಿಯುವ ಯಾರಿಗೇ ಆದರೂ ಸುಲಭಕ್ಕೆ ಸಿಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಶಾಂತ ಕಡಲು. ಅಳಿವೆಯ ರೂಪ ಬದಲಾಗುವುದು ಜೂನ್, ಜುಲೈಯಲ್ಲಿ.

ಊರು ಗೊತ್ತಿಲ್ಲದವರಿಗೆ ಒಂದು ಚಿತ್ರ ಕೊಡುತ್ತೇನೆ. ಪಶ್ಚಿಮ ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಸಿಕೊಂಡು, ಬಂಟ್ವಾಳ ದಾಟಿ ಬರುವ ನೇತ್ರಾವತಿ ದಕ್ಷಿಣದಿಂದ ಬರುತ್ತದೆ. ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ ಉತ್ತರದಿಂದ, ಕಡಲಿಗೆ ಸಮಾನಾಂತರವಾಗಿ ಬೆಂಗ್ರೆಯ ಮರಳು ಪಟ್ಟಿಯ ಹಿಂದೆ ಹರಿದು ಬರುತ್ತದೆ. ಎರಡೂ ಒಂದೇ ಬಾಗಿಲಿನಲ್ಲಿ ಅರಬ್ಬಿ ಕಡಲು ಸೇರುತ್ತವೆ. ಬಾಗಿಲಿನ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ಬೋಟ್‌ಗಳಿಗೆ ಆಳ ಉಳಿಯಲಿ ಎಂದು 1990ರ ದಶಕದಲ್ಲಿ ಎರಡೂ ಕಡೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ಅದರ ನಂತರ ಬೆಂಗ್ರೆ ಕಡೆ ಮರಳು ಸೇರಿ ದಂಡೆ ಅಗಲವಾಯಿತು, ಉಳ್ಳಾಲದ ಕಡೆ ಕಡಲು ಮನೆ ಬಾಗಿಲಿಗೆ ಬಂತು. ಉಳ್ಳಾಲವನ್ನು ಉಳಿಸಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ಕಡಲೊಳಗೆ ಜಿಯೊಟೆಕ್ಸ್‌ಟೈಲ್ ಚೀಲಗಳ ಕೃತಕ ರೀಫ್, ದಂಡೆಗೆ ಹೊಂದಿಕೊಂಡು ಕಲ್ಲಿನ ಬರ್ಮ್ ಬಂದವು. ಆ ಬಳಿಕವೂ ಇನ್ನಷ್ಟು ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ರಸ್ತೆ ಕುಸಿದ, ತೆಂಗಿನ ಮರ ಉರುಳಿದ ಫೋಟೊಗಳು ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಬರುತ್ತಲೇ ಇವೆ. ನನ್ನ ಅಜ್ಜಿಮನೆಯ ಹಿತ್ತಿಲಿನಲ್ಲಿ ನಾನು ಚಿಕ್ಕವನಿದ್ದಾಗ ಮೂರು ಸಾಲು ತೆಂಗು ಇತ್ತು. ಈಗ ಇರುವುದು ಒಂದೇ ಸಾಲು.

ಇದಕ್ಕೆ ಬ್ರೇಕ್‌ವಾಟರ್ ಒಂದೇ ಕಾರಣವೇ? ಮೇಲಿನಿಂದ ಬರಬೇಕಾದ ಮರಳನ್ನು ನದಿಯಲ್ಲೇ ಎತ್ತಿ ಲಾರಿಗೆ ತುಂಬಿದ್ದು ಕಾರಣವೇ? ಕಿಂಡಿ ಅಣೆಕಟ್ಟುಗಳ ಹಿಂದೆ ಮರಳು ನಿಂತದ್ದೇ? ಊರಿನಲ್ಲಿ ಎಲ್ಲರಿಗೂ ಒಂದೊಂದು ಖಚಿತ ಉತ್ತರವಿದೆ. ನನಗೆ ಈ ಖಾತ್ರಿಯ ಬಗ್ಗೆಯೇ ಸಂಶಯ. ನಮ್ಮ ಕರಾವಳಿಯಲ್ಲಿ ಮರಳು ಮಳೆಗಾಲದಲ್ಲಿ ಒಂದು ದಿಕ್ಕಿಗೆ, ಉಳಿದ ತಿಂಗಳುಗಳಲ್ಲಿ ಇನ್ನೊಂದು ದಿಕ್ಕಿಗೆ ದಂಡೆಯುದ್ದಕ್ಕೂ ಚಲಿಸುತ್ತದೆ. ವರ್ಷದ ಕೊನೆಗೆ ಉಳಿಯುವುದು ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ನೂರು ರೂಪಾಯಿ ಬಂತು, ತೊಂಬತ್ತು ಹೋಯಿತು ಎಂಬ ಲೆಕ್ಕದಲ್ಲಿ ಎರಡೂ ಕಡೆ ಹದಿನೈದು ರೂಪಾಯಿ ತಪ್ಪಿರಬಹುದಾದರೆ ಲಾಭವೋ ನಷ್ಟವೋ ಹೇಳುವುದು ಹೇಗೆ? ದಕ್ಷಿಣ ಕರ್ನಾಟಕ ಕರಾವಳಿಯಲ್ಲಿ ಮರಳಿನ ನಿವ್ವಳ ಚಲನೆ ಯಾವ ದಿಕ್ಕಿಗೆ ಎಂಬ ಬಗ್ಗೆಯೇ ಅಧ್ಯಯನಗಳಲ್ಲಿ ಒಮ್ಮತವಿಲ್ಲದಿರುವುದು ಇದೇ ಕಾರಣಕ್ಕೆ.

ಅಳಿವೆಯಲ್ಲಿ ನೀರನ್ನು ಅಳೆಯುವುದೇ ಬೇರೆ ಕತೆ. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಮಳೆಗಾಲದಲ್ಲಿ ‘ಬಂಟ್ವಾಳದಲ್ಲಿ ನೇತ್ರಾವತಿ ಅಪಾಯದ ಮಟ್ಟ 8.5 ಮೀಟರ್ ಸಮೀಪ’ ಎಂಬ ಸುದ್ದಿ ಓದಿರುತ್ತೀರಿ. ಅಲ್ಲಿ ನೀರು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ. ಮಟ್ಟ ಇಷ್ಟಿದ್ದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ನೀರು ಎಂದು ಒಂದು ರೇಖೆ ಎಳೆದಿಟ್ಟುಕೊಂಡರೆ ಆಮೇಲೆ ಕೋಲು ನೋಡಿದರೆ ಸಾಕು. ಅಳಿವೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅದೇ ಮಟ್ಟದಲ್ಲಿ ನೀರು ಒಳಗೂ ಬರುತ್ತಿರಬಹುದು, ಹೊರಗೂ ಹೋಗುತ್ತಿರಬಹುದು. ಮೇಲೆ ಹಗುರಾದ ಸಿಹಿನೀರು ಹೊರಗೆ, ತಳದಲ್ಲಿ ಭಾರದ ಉಪ್ಪುನೀರು ಒಳಗೆ, ಹೀಗೆ ಒಂದೇ ಕ್ಷಣದಲ್ಲಿ ಎರಡೂ ಆಗುತ್ತಿರಬಹುದು.

ಇದನ್ನು ಅಳೆಯುವ ಉಪಕರಣದ ಹೆಸರು ಎಡಿಸಿಪಿ. ಅದು ನೀರಿನೊಳಗೆ ಶಬ್ದ ಕಳಿಸುತ್ತದೆ. ನೀರಿನಲ್ಲಿ ತೇಲುವ ಕಣಗಳಿಗೆ ತಾಗಿ ಮರಳಿದ ಶಬ್ದದ ಕಂಪನಾಂಕ ಎಷ್ಟು ಬದಲಾಯಿತು ಎಂಬುದರಿಂದ ಪ್ರತಿ ಪದರದ ವೇಗ ಹೇಳುತ್ತದೆ. ರೈಲು ಹತ್ತಿರ ಬರುವಾಗ, ದೂರ ಹೋಗುವಾಗ ಹಾರ್ನ್ ಸದ್ದು ಬದಲಾಗುವ ಡಾಪ್ಲರ್ ಪಾಠವೇ ಇದು. ನಮ್ಮ ಬಳಿ ಎಡಿಸಿಪಿ ಎಲ್ಲಿಂದ ಬರಬೇಕು? ನಾವು ಒಣಗಿದ ತೆಂಗಿನಕಾಯಿ ಎಸೆದೆವು. ಬೆಂಗ್ರೆ ಫೆರಿ ಜೆಟ್ಟಿಯಿಂದ ಅಳೆದಿಟ್ಟ ದೂರದಲ್ಲಿ ಒಬ್ಬ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ಕಾಯಿ ಅಲ್ಲಿಗೆ ಮುಟ್ಟಲು ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳುವುದು. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ ಸಿಗುತ್ತದೆ ಎಂದು ಪಠ್ಯದಲ್ಲಿದೆ. ಮೂರನೇ ಕಾಯಿ ಅರ್ಧ ದಾರಿ ಹೋಗಿ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು. ಆಮೇಲೆ ನಿಧಾನವಾಗಿ ನಮ್ಮ ಕಡೆಗೇ ವಾಪಸ್ ಬಂತು. ಫೆರಿಯಲ್ಲಿದ್ದ ಹೆಂಗಸರು ನಕ್ಕಿದ್ದು ಇನ್ನೂ ನೆನಪಿದೆ. ಭರತ ಶುರುವಾಗಿತ್ತು.

ಆ ತೆಂಗಿನಕಾಯಿ ಕಲಿಸಿದ ಪಾಠ ಸಣ್ಣದಲ್ಲ. ಫೆಬ್ರವರಿಯಲ್ಲಿ ನೇತ್ರಾವತಿಯಿಂದ ಬರುವ ನೀರು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಆದರೂ ಅಳಿವೆ ಮುಚ್ಚುವುದಿಲ್ಲ, ಏಕೆ? ಒಂದು ಉದಾಹರಣೆ ಲೆಕ್ಕ ಹಾಕಿ. ಅಳಿವೆಯ ಹಿಂದೆ ಭರತದ ನೀರು ಹರಡುವ ಜಾಗ 10 ಚದರ ಕಿಲೋಮೀಟರ್ ಇದೆ, ನೀರು 1 ಮೀಟರ್ ಏರಿ ಇಳಿಯುತ್ತದೆ ಎಂದುಕೊಳ್ಳಿ. ಅಂದರೆ 1 ಕೋಟಿ ಘನ ಮೀಟರ್ ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬಂದು, ಇನ್ನಾರು ಗಂಟೆಯಲ್ಲಿ ಹೊರಗೆ ಹೋಗಬೇಕು. ಸೆಕೆಂಡಿಗೆ ಸರಾಸರಿ 460 ಘನ ಮೀಟರ್. ಮಳೆಯೇ ಇಲ್ಲದ ತಿಂಗಳಲ್ಲಿ ಬಾಗಿಲನ್ನು ಗುಡಿಸಿ ತೆರೆದಿಡುವುದು ಈ ನೀರು. ಬಾಗಿಲಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಈ ಭರತದ ನೀರಿನ ಪ್ರಮಾಣಕ್ಕೂ ನೇರ ನಂಟಿದೆ ಎಂದು ಅಮೆರಿಕದ ಎಂಜಿನಿಯರ್ ಓಬ್ರಿಯನ್ 1931ರಲ್ಲೇ ತೋರಿಸಿದ್ದರು. ಹಾಗಾದರೆ ನದಿ ದಂಡೆಯ ಜವುಗು, ಕುದ್ರುಗಳ ಅಂಚು, ಹಿನ್ನೀರಿನ ತಗ್ಗುಗಳನ್ನು ಮಣ್ಣು ತುಂಬಿಸಿ ಸೈಟ್ ಮಾಡಿದಷ್ಟೂ ಭರತಕ್ಕೆ ಹರಡುವ ಜಾಗ ಕಡಿಮೆ, ಬಾಗಿಲು ಗುಡಿಸುವ ನೀರೂ ಕಡಿಮೆ. ಐದು ಕಿಲೋಮೀಟರ್ ಒಳಗೆ ಸುರಿದ ಮಣ್ಣು ಅಳಿವೆಯಲ್ಲಿ ದಿಬ್ಬವಾಗಿ ಕಾಣಿಸಿಕೊಳ್ಳಬಹುದು. ಹೂಳೆತ್ತಲು ಟೆಂಡರ್ ಕರೆಯುವಾಗ ಈ ಮಾತು ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಈಗ ಮಣ್ಣಿನ ವಿಷಯ. ನೀರನ್ನು ಹೇಗೋ ಅಳೆದರೂ ಅದರೊಡನೆ ಬರುವ ಮಣ್ಣು, ಮರಳು ಕೈಗೆ ಸಿಗುವುದಿಲ್ಲ. ತೇಲಿ ಬರುವ ನುಣುಪು ಮಣ್ಣಿಗೆ ಬಾಟಲಿಯಲ್ಲಿ ನೀರು ಹಿಡಿದು, ಸೋಸಿ, ಒಲೆಯಲ್ಲಿ ಒಣಗಿಸಿ ತೂಗಬೇಕು. ನಮ್ಮ ಫೆಬ್ರವರಿಯ ಫಿಲ್ಟರ್ ಕಾಗದದ ಮೇಲೆ ಏನೋ ಬೂದು ಪುಡಿ ಇತ್ತು, ಲ್ಯಾಬಿನ ತಕ್ಕಡಿ ಅದನ್ನು ಗುರುತಿಸಲೂ ಹಿಂದೆಮುಂದೆ ನೋಡಿತು. ಜೂನ್ ಕೊನೆಗೆ ಕುತೂಹಲಕ್ಕೆಂದು ಸೇತುವೆ ಮೇಲಿನಿಂದ ಹಗ್ಗ ಕಟ್ಟಿ ಒಂದು ಬಾಟಲಿ ನೀರು ತಂದಿದ್ದೆ. ಕಾಗದ ಚಹಾ ಸೋಸಿದ ಬಟ್ಟೆಯ ಹಾಗಾಗಿ ಅರ್ಧಕ್ಕೇ ಕಟ್ಟಿಕೊಂಡಿತು. ಇನ್ನು ತಳದಲ್ಲಿ ಉರುಳಿ ಬರುವ ದಪ್ಪ ಮರಳಿದೆಯಲ್ಲ, ಅದನ್ನು ಪ್ರವಾಹದಲ್ಲಿ ಅಳೆಯುವುದು ಜಗತ್ತಿನ ದೊಡ್ಡ ಪ್ರಯೋಗಾಲಯಗಳಿಗೂ ಕಷ್ಟವೇ.

ಇಲ್ಲೊಂದು ಗಣಿತ ಗೊತ್ತಿರಬೇಕು. ನದಿಯಲ್ಲಿ ನೀರು ಎರಡು ಪಟ್ಟಾದರೆ ಮಣ್ಣೂ ಎರಡು ಪಟ್ಟಾಗುವುದಿಲ್ಲ. ಅದು ಹೆಚ್ಚುಕಡಿಮೆ ನೀರಿನ ವರ್ಗದ ಹಾಗೆ ಏರುತ್ತದೆ. ಎರಡು ಪಟ್ಟು ನೀರಿಗೆ ನಾಲ್ಕು ಪಟ್ಟು ಮಣ್ಣು, ಐದು ಪಟ್ಟು ನೀರಿಗೆ ಇಪ್ಪತ್ತೈದು ಪಟ್ಟು. ಕರಾವಳಿಯ ವರ್ಷದ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅದರಲ್ಲೂ ಸೇತುವೆ ನೋಡಲು ಜನ ಸೇರುವ ಆ ಕೆಲವೇ ದಿನಗಳಿವೆಯಲ್ಲ, ತುಳುವಿನಲ್ಲಿ ‘ಬೊಳ್ಳ’ ಎನ್ನುವ ದಿನಗಳು, ಅಂಥ ಒಂದು ದಿನ ಸಾಧಾರಣ ಮಳೆಗಾಲದ ಮೂರು ವಾರಕ್ಕೂ ಹೆಚ್ಚು ಕೆಲಸ ಮಾಡಿಬಿಡುತ್ತದೆ. ಹೊರಗಡೆ ಕಡಲಿನ ದೊಡ್ಡ ತೆರೆಗಳೂ ಅದೇ ತಿಂಗಳಲ್ಲಿ. ಆ ದಿನಗಳಲ್ಲಿ ಅಳಿವೆಗೆ ಬೋಟ್ ಇಳಿಸುವ ಧೈರ್ಯ ಯಾರಿಗೂ ಇಲ್ಲ, ಇರಲೂಬಾರದು. ಉಪಗ್ರಹವಾದರೂ ನೋಡುತ್ತದೆ ಎಂದುಕೊಂಡಿದ್ದೆ. ಯುರೋಪಿನ ಸೆಂಟಿನೆಲ್–2 ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತದೆ, ಚಿತ್ರ ಉಚಿತ. ಜನವರಿಯ ಚಿತ್ರದಲ್ಲಿ ಅಳಿವೆಯ ದಿಬ್ಬ ಕೂಡ ಮಸುಕಾಗಿ ಕಾಣುತ್ತದೆ. ಜುಲೈಯದ್ದು ತೆರೆದರೆ ಬರೀ ಬಿಳಿ ಮೋಡ. ರೇಡಾರ್ ಉಪಗ್ರಹ ಮೋಡದ ಆಚೆ ನೋಡೀತು, ಆದರೆ ಕೆಸರು ನೀರಿನ ಅಡಿಯ ಆಳ ಅದಕ್ಕೂ ಕಾಣದು.

ಇಷ್ಟೆಲ್ಲ ಗೊತ್ತಿಲ್ಲದೆಯೇ ನಾವು ಮಾಡೆಲ್ ಮಾಡಿದ್ದೆವು. ಡೆಲ್ಫ್ಟ್‌3ಡಿ ಎಂಬ ಡಚ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಳಿವೆಯನ್ನು ಸಾವಿರಾರು ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕಕ್ಕೆ ಎಷ್ಟು ನೀರು ಬಂತು, ಎಷ್ಟು ಹೋಯಿತು, ಯಾವ ಬಲ ತಳ್ಳಿತು ಎಂದು ಕೆಲವು ಸೆಕೆಂಡಿಗೊಮ್ಮೆ ಲೆಕ್ಕ ಹಾಕುವ ಯಂತ್ರ ಅದು. ಹಳೆಯ ನಕ್ಷೆಯಿಂದ ಆಳಗಳನ್ನು ಹಾಕಿದೆವು, ಕಡಲ ಬದಿಗೆ ಉಬ್ಬರವಿಳಿತದ ಪಟ್ಟಿ ಕೊಟ್ಟೆವು. ಜೆಟ್ಟಿಯ ಕಂಬಕ್ಕೆ ನಾವೇ ಬಣ್ಣದಲ್ಲಿ ಗೆರೆ ಎಳೆದು ನೋಡಿದ ನೀರಿನ ಮಟ್ಟದೊಡನೆ ಹೋಲಿಸಿದರೆ ಮಾಡೆಲ್ ಬಹಳ ಚೆನ್ನಾಗಿ ಹೊಂದಿಕೆಯಾಯಿತು. ಆ ರಾತ್ರಿ ಹಾಸ್ಟೆಲ್‌ನಲ್ಲಿ ನಮಗೆ ಹಬ್ಬ.

ಆಮೇಲೆ ಮರಳು ಸೇರಿಸಿದೆವು. ಮರಳಿನ ಕಣದ ಗಾತ್ರ ಕೇಳಿತು. ನಮ್ಮಲ್ಲಿ ಅಳತೆ ಇರಲಿಲ್ಲ, 0.2 ಮಿಲಿಮೀಟರ್ ಎಂದು ಕೊಟ್ಟೆವು. ಒಂದು ವರ್ಷ ಓಡಿಸಿದಾಗ ದಿಬ್ಬ ಬೆಂಗ್ರೆ ಬದಿಯ ಗೋಡೆಗೆ ಅಂಟಿ ಬೆಳೆಯಿತು. ಸುಮ್ಮನೆ ಒಮ್ಮೆ 0.35 ಎಂದು ಬದಲಿಸಿದೆವು. ದಿಬ್ಬ ಬಾಗಿಲಿನ ನಡುಮಧ್ಯ ಬಂದು ಕೂತಿತು. ಬೋಟ್ ಎಲ್ಲಿಂದ ಹೋಗಬೇಕು ಎಂಬ ಪ್ರಶ್ನೆಗೆ ಒಂದೇ ಮಾಡೆಲ್ ಎರಡು ವಿರುದ್ಧ ಉತ್ತರ ಕೊಟ್ಟಿತು, ಎರಡನ್ನೂ ಅಷ್ಟೇ ಸುಂದರ ಬಣ್ಣಗಳಲ್ಲಿ. ವರದಿಯಲ್ಲಿ ನಾವು ಹಾಕಿದ್ದು ಮೊದಲ ಚಿತ್ರ. ಯಾಕೆ ಎಂದರೆ ಅದು ಬೆಂಗ್ರೆಯಲ್ಲಿ ಮರಳು ಸೇರುತ್ತದೆ ಎಂಬ ಎಲ್ಲರಿಗೂ ಗೊತ್ತಿರುವ ಸಂಗತಿಗೆ ಹೊಂದುತ್ತಿತ್ತು. ಇದು ವಿಜ್ಞಾನವಲ್ಲ ಎಂದು ಗೊತ್ತಿದ್ದೂ ಹಾಕಿದೆವು. ಒಪ್ಪಿಕೊಂಡುಬಿಡುತ್ತೇನೆ.

ಇದು ಆ ತಂತ್ರಾಂಶದ ತಪ್ಪಲ್ಲ. ಮರಳಿನ ಚಲನೆ ನೀರಿನ ವೇಗದ ಮೂರನೇ ಘಾತದಿಂದ ಐದನೇ ಘಾತದವರೆಗೆ ಏರುತ್ತದೆ. ನಾಲ್ಕನೇ ಘಾತ ಎಂದಿಟ್ಟುಕೊಂಡರೂ ವೇಗದಲ್ಲಿ ಶೇ 10ರಷ್ಟು ತಪ್ಪು ಮರಳಿನ ಲೆಕ್ಕದಲ್ಲಿ ಶೇ 46ರಷ್ಟು ತಪ್ಪಾಗುತ್ತದೆ. ಹಾಗಾಗಿಯೇ ಈ ವಿಷಯದಲ್ಲಿ ಲೆಕ್ಕದ ಉತ್ತರ ಅಳತೆಯ ಅರ್ಧದಿಂದ ಎರಡು ಪಟ್ಟಿನ ಒಳಗೆ ಬಂದರೆ ಒಳ್ಳೆಯ ಉತ್ತರ ಎನ್ನುತ್ತಾರೆ. ಕಾಂಕ್ರೀಟ್ ಬೀಮ್ ಹಾಗೆ ಮಾಡಿ ಬಂದರೆ ನಮ್ಮನ್ನು ಕ್ಲಾಸಿನಿಂದ ಹೊರಗೆ ಹಾಕುತ್ತಾರೆ. 1916ರಲ್ಲಿ ಶುರುವಾಗಿ ಈಗ ಪುಣೆ ಬಳಿ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದವರು ಬಂದರು, ಅಳಿವೆಗಳ ಪುಟ್ಟ ಪ್ರತಿಕೃತಿ ಕಟ್ಟಿ ಅದರಲ್ಲಿ ನೀರು ಹರಿಸಿಯೂ ನೋಡುತ್ತಾರೆ. ಕಂಪ್ಯೂಟರ್ ಆಗಲಿ, ಸಿಮೆಂಟಿನ ಪ್ರತಿಕೃತಿಯಾಗಲಿ, ನಿಜವಾದ ಅಳಿವೆಯ ಅಳತೆಯೊಡನೆ ಹೋಲಿಸಿ ತಿದ್ದದಿದ್ದರೆ ಅದು ಬರೀ ಚಿತ್ರ.

ಇದು ಪರೀಕ್ಷೆಯ ಅಂಕದ ಪ್ರಶ್ನೆಯಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಹೊರಗಿನಿಂದ ಬರುವ ತೆರೆಗೆ ಒಳಗಿನಿಂದ ಇಳಿತದ ನೀರು ಎದುರಾದಾಗ ತೆರೆಯ ಉದ್ದ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ, ಅದು ದಿಬ್ಬದ ಮೇಲೆ ಬಂದು ಮುರಿಯುತ್ತದೆ. ಅಳಿವೆಯಲ್ಲಿ ದೋಣಿ ಮಗುಚುವುದು ಸಾಮಾನ್ಯವಾಗಿ ಹೀಗೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಹೊರಗಡಲಿನ ತೆರೆಯ ಎತ್ತರವನ್ನು ದಿನಗಳ ಮೊದಲೇ ಹೇಳುತ್ತದೆ, ಮಾವನ ಮೊಬೈಲ್‌ಗೂ ಆ ಸಂದೇಶ ಬರುತ್ತದೆ. ಆದರೆ ಆ ತೆರೆ ಬಾಗಿಲಿನ ಯಾವ ಮೂಲೆಯಲ್ಲಿ ಮುರಿಯುತ್ತದೆ ಎಂಬುದು ಈ ವರ್ಷ ದಿಬ್ಬ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಅದಕ್ಕೆ ಮಾವನ ಹತ್ತು ನಿಮಿಷದ ನೋಟವೇ ಗತಿ.

ಮರಳು ತೆಗೆಯುವ ವಿಚಾರವೂ ಇದೇ ಅಳತೆಯ ಮೇಲೆ ನಿಂತಿದೆ. ಸಿಆರ್‌ಝಡ್ ವ್ಯಾಪ್ತಿಯಲ್ಲಿ ಮರಳು ಗಣಿಗಾರಿಕೆ ಮಾಡುವಂತಿಲ್ಲ. ದೋಣಿ ಸಂಚಾರಕ್ಕೆ ಅಡ್ಡಿಯಾಗುವ ದಿಬ್ಬಗಳನ್ನು ಮಾತ್ರ, ಆಳದ ಸಮೀಕ್ಷೆ ಮಾಡಿಸಿ, ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಗುರುತಿಸಿ ತೆಗೆಸಬಹುದು ಎಂಬುದು ಹಿಂದಿನ ಕ್ರಮ. ಅದರ ಸುತ್ತ ನಡೆದ ವ್ಯಾಜ್ಯ, ಪ್ರತಿಭಟನೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಎರಡೂ ಬಣದವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಒಂದು ಮಳೆಗಾಲದಲ್ಲಿ ಎಷ್ಟು ಮರಳು ಹೊಸದಾಗಿ ಬರುತ್ತದೆ? ಒಂದೇ ಸಲದ ಸಮೀಕ್ಷೆ ಈಗ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಬಂದದ್ದೆಷ್ಟು, ಹೋದದ್ದೆಷ್ಟು ಹೇಳುವುದಿಲ್ಲ. ಬ್ಯಾಂಕ್ ಬ್ಯಾಲೆನ್ಸ್ ನೋಡಿ ಸಂಬಳ ಎಷ್ಟೆಂದು ಊಹಿಸಿದ ಹಾಗೆ.

ಜುಲೈಯಲ್ಲಿ ಅಳೆಯಲು ಆಗುವುದೇ ಇಲ್ಲವೆಂದಲ್ಲ. ಅಳಿವೆಯೊಳಗೆ ಬೋಟ್ ಹೋಗದಿದ್ದರೇನು, ನೇತ್ರಾವತಿಗೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ ಇದೆ, ಗುರುಪುರ ನದಿಗೆ ಕೂಳೂರಿನಲ್ಲಿ ಸೇತುವೆ ಇದೆ. ಎರಡೂ ಅಳಿವೆಗೆ ಹತ್ತಿರ, ಎರಡರ ಮೇಲೂ ಮಳೆಗಾಲದಲ್ಲಿ ನಿಂತು ಬಾಟಲಿ ಇಳಿಸಬಹುದು, ಕಂಬಕ್ಕೆ ಕದಡುಮಾಪಕ ಕಟ್ಟಬಹುದು. ಬ್ರೇಕ್‌ವಾಟರ್‌ನ ಒಳಬದಿಯಲ್ಲಿ ತಳಕ್ಕೆ ಒಂದು ಎಡಿಸಿಪಿ ಕೂರಿಸಿದರೆ ಅದು ತೆರೆ, ವೇಗ, ಮಟ್ಟ ಮೂರನ್ನೂ ಬರೆದುಕೊಳ್ಳುತ್ತದೆ. ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಅದೇ ಗೆರೆಗಳ ಮೇಲೆ ಆಳದ ಸಮೀಕ್ಷೆ ಮಾಡಿದರೆ ನಡುವಿನ ನಾಲ್ಕು ತಿಂಗಳ ಜಮಾಖರ್ಚು ಸಿಗುತ್ತದೆ. ಸುಲಭ ಎಂದು ನಾನು ಹೇಳುತ್ತಿಲ್ಲ. ಕೆಲವೇ ವಾರಗಳಲ್ಲಿ ಚಿಪ್ಪುಜೀವಿಗಳು ಉಪಕರಣದ ಕಣ್ಣು ಮುಚ್ಚಿಬಿಡುತ್ತವೆ, ಬಲೆಗೆ ಸಿಕ್ಕಿ ಕಿತ್ತುಹೋಗುತ್ತದೆ, ಮರಳಿನಲ್ಲಿ ಹೂತುಹೋಗುವುದೂ ಉಂಟು. ಮಾವನಿಗೆ ಹೇಳಿದಾಗ ಅವರ ಮೊದಲ ಪ್ರಶ್ನೆ, ‘ಅದರ ಮೇಲೆ ಬಲೆ ಬಿದ್ದರೆ ಬಲೆಗೆ ದುಡ್ಡು ಯಾರು ಕೊಡುತ್ತಾರೆ?’ ನ್ಯಾಯವಾದ ಪ್ರಶ್ನೆ. ಬೋಟಿನವರನ್ನು ಕೇಳದೆ ಎಲ್ಲಿ ಇಡಬೇಕೆಂದು ತೀರ್ಮಾನಿಸಿದರೆ ಉಪಕರಣ ಒಂದು ಋತುವೂ ಉಳಿಯಲಾರದು.

ಇನ್ನೊಂದು ಸಿಟ್ಟು ನನ್ನದು. ನಮ್ಮ ಪ್ರಾಜೆಕ್ಟ್ ಸಮಯದಲ್ಲಿ ಹಳೆಯ ಆಳದ ಅಂಕಿಅಂಶ ಕೇಳಿಕೊಂಡು ಒಂದು ಕಚೇರಿಗೆ ಮೂರು ಸಲ ಹೋದೆವು. ಸಮೀಕ್ಷೆ ಮಾಡಿಸಿದ್ದೇವೆ, ಆದರೆ ವರದಿ ಪಿಡಿಎಫ್‌ನಲ್ಲಿದೆ, ಸಂಖ್ಯೆಗಳು ಸಲಹೆಗಾರರ ಬಳಿ ಇವೆ ಎಂದರು. ಸಲಹೆಗಾರರ ಗುತ್ತಿಗೆ ಮುಗಿದು ವರ್ಷಗಳಾಗಿದ್ದವು. ಕೊನೆಗೆ ಪಿಡಿಎಫ್‌ನ ಬಣ್ಣದ ನಕ್ಷೆಯ ಮೇಲೆ ಮೌಸ್ ಇಟ್ಟು ಒಂದೊಂದೇ ಬಿಂದು ಓದಿಕೊಂಡೆವು, ನಾಲ್ವರು, ಎರಡು ವಾರ. ಸಾರ್ವಜನಿಕ ಹಣದಲ್ಲಿ ಅಳೆದ ಆಳ ಸಾರ್ವಜನಿಕರಿಗೆ ಸಂಖ್ಯೆಯಾಗಿ ಸಿಗಬೇಕು ಎನ್ನಲು ದೊಡ್ಡ ವಾದವೇನೂ ಬೇಕಿಲ್ಲ. ಪ್ರತಿ ಯೋಜನೆಗೂ ಹೊಸ ಸಮೀಕ್ಷೆ ಮಾಡಿ, ಯೋಜನೆ ಮುಗಿದ ಕೂಡಲೇ ಅದನ್ನು ಕಪಾಟಿಗೆ ಸೇರಿಸಿದರೆ, ಒಂದೇ ಅಳಿವೆಯನ್ನು ಹತ್ತು ಸಲ ಅಳೆದರೂ ಹತ್ತು ವರ್ಷದ ದಾಖಲೆ ಆಗುವುದಿಲ್ಲ. ದೇಶದ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರದ್ದೇ ಅಧ್ಯಯನ ಹೇಳುವಾಗ, ಕಲ್ಲು ಸುರಿಯಲು ಇರುವ ಆತುರದ ಸ್ವಲ್ಪ ಭಾಗವಾದರೂ ಅಳತೆಯ ಕಡೆ ಬರಲಿ.

ಬರುವ ಮಳೆಗಾಲಕ್ಕೆ ನಮ್ಮ ಗುಂಪು ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದೆ. ದಿನಕ್ಕೊಬ್ಬರಂತೆ ಹೆದ್ದಾರಿ ಸೇತುವೆಯಿಂದ ಬೆಳಿಗ್ಗೆ ಒಂದು ಬಾಟಲಿ ನೀರು, ಸಮಯ ಮತ್ತು ಕಂಬದ ಮೇಲಿನ ಮಟ್ಟ ಬರೆದು, ಲ್ಯಾಬಿಗೆ. ಕೂಳೂರು ಸೇತುವೆಗೆ ಜೂನಿಯರ್‌ಗಳು ಬರುತ್ತೇವೆ ಎಂದಿದ್ದಾರೆ. ತಳದ ಮರಳಿಗೆ ನಮ್ಮಲ್ಲಿ ದಾರಿ ಇಲ್ಲ, ಅದು ಖಾಲಿ ಕಾಲಂ ಆಗಿಯೇ ಇರುತ್ತದೆ. ಸೆಮಿಸ್ಟರ್ ಪರೀಕ್ಷೆ ಕೂಡ ಜೂನ್–ಜುಲೈಯಲ್ಲೇ ಬೀಳುವುದರಿಂದ ಎಲೆಕ್ಟ್ರಿಕಲ್ ವಿಭಾಗದ ಗೆಳೆಯನೊಬ್ಬನಿಗೆ ಊಟ ಕೊಡಿಸಿ ಆ ವಾರಗಳಿಗೆ ಒಪ್ಪಿಸಿದ್ದೇವೆ. ಮಾವ ಆಗಸ್ಟ್‌ನಲ್ಲಿ ಮೊದಲ ಸಲ ದಾಟುವಾಗ ಬೋಟಿನ ಎಕೊ ಸೌಂಡರ್ ತೋರಿಸುವ ಆಳಗಳನ್ನು ಜಿಪಿಎಸ್ ಜೊತೆ ಉಳಿಸಿ ಕೊಡುತ್ತೇನೆ ಎಂದಿದ್ದಾರೆ. ಹೇಗೆ ಉಳಿಸುವುದು ಎಂದು ಅವರಿಗೆ ನಾನಿನ್ನೂ ಕಲಿಸಬೇಕು.